ಬಿದನೂರಿನ ಸೆರೆಯಾಳುಗಳೂ ಅಂತರರಾಷ್ಟ್ರೀಯ ನ್ಯಾಯವೂ

ಇಂದು ಹೊಸನಗರ ತಾಲ್ಲೂಕಿನ ಒಂದು ಗ್ರಾಮವಾಗಿರುವ ನಗರವೇ ಕೆಳದಿ ಅರಸರ ಕೊನೆಯ ರಾಜಧಾನಿಯಾದ ಬಿದನೂರು. ತೀರ್ಥಹಳ್ಳಿ, ಸಾಗರದ ಸೀಮೆಗಳೂ ಶರಾವತಿಯಾಚೆಯ ಬ್ಯಾಕೋಡಿನ ಕಡೆಯ ಕಾಡುನಾಡೂ ಅದರ ಆಳ್ವಿಕೆಗೆ ಒಳಪಟ್ಟಿದ್ದವು. 1763ರಲ್ಲಿ ಹೈದರಾಲಿ ಅದನ್ನು ಗೆದ್ದನು. 1783ರ ಆರಂಭದಲ್ಲಿ ಇಂಗ್ಲಿಷ್ ಕಂಪನಿಯ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಾಟಿಯನ್ನೇರಿ ಬರಲು, ಅಲ್ಲಿಯ ಅಧಿಕಾರಿ ಅಯಾಜನು ಕಾದಾಡದೆ ಕೋಟೆಯನ್ನು ಒಪ್ಪಿಸಿದನು.

ಈ ಆಕ್ರಮಣದ ಆಡಳಿತ ಕೆಲವೇ ತಿಂಗಳಿನದು. ಏಪ್ರಿಲಿನಲ್ಲಿ ಟಿಪ್ಪು ಕೋಟೆಯನ್ನು ಮುತ್ತಲು, ಮ್ಯಾಥ್ಯೂಸ್ ಷರತ್ತಿನ ಮೇಲೆ ಶರಣಾದನು. ಸೈನಿಕರು ಸೇನಾಗೌರವದೊಡನೆ ಹೊರಬಂದು ಆಯುಧಗಳನ್ನು ಇಳಿಸತಕ್ಕದ್ದು. ಸರ್ಕಾರದ ಸ್ವತ್ತನ್ನು ಒಪ್ಪಿಸಿ, ಸ್ವಂತದ್ದನ್ನು ಇಟ್ಟುಕೊಂಡು ಕರಾವಳಿಗೆ ತೆರಳತಕ್ಕದ್ದು. ಬೊಕ್ಕಸ ಬರಿದಾಗಿತ್ತು. ಹುಡುಕಿದಾಗ ಸೈನಿಕರಲ್ಲಿ ಹಣ ಸಿಕ್ಕಿತು. ಕರಾರು ಮುರಿದುಬಿತ್ತೆಂದು ಎಲ್ಲರನ್ನೂ ಸೆರೆಹಿಡಿಯಲಾಯಿತು. ಬೇಡಿ ತೊಡಿಸಿ ಅವರನ್ನು ಚಿತ್ರದುರ್ಗ, ಶ್ರೀರಂಗಪಟ್ಟಣಗಳಿಗೆ ಸಾಗಿಸಿದರು. ಮ್ಯಾಥ್ಯೂಸ್ ಸೆರೆಯಲ್ಲೇ ತೀರಿಕೊಂಡನು. ಅದು ವಿಷಪ್ರಯೋಗವೆಂದು ಇಂಗ್ಲಿಷ್ ಲೇಖಕರು ಬರೆದರು. ಉಳಿದವರ ಬಿಡುಗಡೆಗೆ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದವೇ ಬೇಕಾಯಿತು.

ಟಿಪ್ಪುವಿನ ಆಕ್ಷೇಪಣೆಯು ನಿರಾಧಾರವಾದುದಲ್ಲ. ಕರಾರನ್ನು ಮೊದಲು ಉಲ್ಲಂಘಿಸಿದವರು ಇಂಗ್ಲಿಷರೇ ಎಂಬುದು ಬಹುಮಟ್ಟಿಗೆ ನಿಜ. ಆದರೆ ಹಣ ಮುಚ್ಚಿಟ್ಟವರು ಕೆಲವರು, ಬೇಡಿ ಬಿದ್ದದ್ದು ಎಲ್ಲರಿಗೆ. ಸೆರೆಯಾಳಿನ ರಕ್ಷಣೆ ಎರಡು ಪಕ್ಷಗಳ ನಡುವಣ ಕರಾರನ್ನಷ್ಟೇ ಅವಲಂಬಿಸಿದ್ದರೆ, ಒಂದು ಪಕ್ಷದ ತಪ್ಪಿನಿಂದ ಅದು ಸಂಪೂರ್ಣವಾಗಿ ಕುಸಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಬಿದನೂರಿನ ಪ್ರಕರಣದ ತಿರುಳು ಇದೇ.

1949ರ ಜಿನೀವಾ ಒಪ್ಪಂದಗಳು ಈ ತಳಹದಿಯನ್ನೇ ಬದಲಿಸಿದವು. ಅವುಗಳ ಅಳತೆಗೋಲಿನಿಂದ 18ನೆಯ ಶತಮಾನವನ್ನು ಖಂಡಿಸುವುದು ಯುಕ್ತವಲ್ಲ. ಹೋಲಿಕೆಗೆ ಮಾತ್ರ ಅವು ಒದಗುತ್ತವೆ. ಮೂರನೆಯ ಒಪ್ಪಂದದ 87ನೆಯ ವಿಧಿಯು ಒಬ್ಬನ ಕೃತ್ಯಕ್ಕಾಗಿ ಯುದ್ಧಕೈದಿಗಳನ್ನೆಲ್ಲ ಸಾಮೂಹಿಕವಾಗಿ ಶಿಕ್ಷಿಸುವುದನ್ನು ನಿಷೇಧಿಸುತ್ತದೆ. 126ನೆಯದು ತಟಸ್ಥ ಪ್ರತಿನಿಧಿಗಳಿಗೆ ಶಿಬಿರವನ್ನು ಕಂಡು, ಕೈದಿಗಳೊಡನೆ ಸಾಕ್ಷಿಗಳಿಲ್ಲದೆ ಮಾತನಾಡುವ ಅಧಿಕಾರ ಕೊಡುತ್ತದೆ. ಚಿತ್ರದುರ್ಗದ ಸೆರೆಯೊಳಗೆ ಹೊರಗಿನ ಕಣ್ಣು ಯಾವುದೂ ಇರಲಿಲ್ಲ. ಕ್ಯಾಪ್ಟನ್ ಓಕ್ಸ್ ಬರೆದ ಸೆರೆಯ ವೃತ್ತಾಂತವು 1785ರಲ್ಲಿ ಲಂಡನ್ನಿನಲ್ಲಿ ಅಚ್ಚಾದುದು ಬಿಡುಗಡೆಯ ತರುವಾಯವಷ್ಟೆ.

ಹಾಗಾದರೆ ಊರಿನವರ ಗತಿಯೇನು? ಸಾಗರ ತಾಲ್ಲೂಕಿನ ಆನಂದಪುರವನ್ನು ಇಂಗ್ಲಿಷರು ಹಿಡಿದಾಗ ಅಲ್ಲಿ ಕ್ರೂರವಾದ ಕೊಲೆ ನಡೆಯಿತೆಂಬ ಆರೋಪ ಇಂಗ್ಲೆಂಡಿನಲ್ಲೇ ಮುದ್ರಿತವಾಯಿತು. ಕಂಪನಿಯ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಶರಣಾಗತಿಯ ಷರತ್ತುಗಳು ಸಿಪಾಯಿಗೆ ಆಸರೆಯಾದಾವು, ರೈತನಿಗಲ್ಲ. 1929ರ ಯುದ್ಧಕೈದಿಗಳ ಒಪ್ಪಂದವೂ ಸಾಮಾನ್ಯ ಪ್ರಜೆಯನ್ನು ಹೊರಗಿಟ್ಟಿತ್ತು. 1949ರ ನಾಲ್ಕನೆಯ ಒಪ್ಪಂದವೇ ಆಕ್ರಮಿತ ಪ್ರದೇಶದ ಪ್ರಜೆಯನ್ನು ಸಮಗ್ರವಾಗಿ ರಕ್ಷಿಸಿದ ಮೊದಲನೆಯದು. ಮಾಹಿತಿಗಾಗಿ ಬಲಾತ್ಕರಿಸುವುದನ್ನು ಅದರ 31ನೆಯ ವಿಧಿಯೂ, ಚಿತ್ರಹಿಂಸೆಯನ್ನು 32ನೆಯದೂ ನಿಷೇಧಿಸುತ್ತವೆ. 76ನೆಯದು ಬಂಧಿತನ ಆಹಾರ, ಆರೋಗ್ಯಗಳನ್ನು ಕುರಿತದ್ದು.

ಇವುಗಳಲ್ಲಿ 29ನೆಯ ವಿಧಿ ವಿಶೇಷವಾಗಿ ಗಮನಾರ್ಹ. ಆಕ್ರಮಣಕಾರರು ಸ್ಥಳೀಯ ಅಧಿಕಾರಿಗಳನ್ನೂ ಪೊಲೀಸರನ್ನೂ ಉಳಿಸಿಕೊಂಡು ಆಳುವುದು ಹಳೆಯ ರೂಢಿ. ಅಯಾಜನೊಡನೆ ಮ್ಯಾಥ್ಯೂಸ್ ಮಾಡಿಕೊಂಡ ಏರ್ಪಾಡೂ ಅಂತಹುದೇ. ಠಾಣೆಯಲ್ಲಿ ಬಂಧಿತನನ್ನು ಹಿಂಸಿಸಿದವನು ಊರಿನ ಪೊಲೀಸನೆಂದು ಆಕ್ರಮಿಸಿದ ಸರ್ಕಾರ ಜಾರಿಕೊಳ್ಳುವಂತಿಲ್ಲ. ಆ ಪೊಲೀಸನು ಅದರ ಕಾರ್ಯಕರ್ತನಾಗಿ ನಡೆದುಕೊಂಡಿದ್ದಲ್ಲಿ, ಅವನ ವೈಯಕ್ತಿಕ ಹೊಣೆಯ ಜೊತೆಗೆ ಸರ್ಕಾರದ ಹೊಣೆಯೂ ಉಳಿಯುತ್ತದೆ. ಭಾರತವು 1950ರಲ್ಲಿ ಈ ಒಪ್ಪಂದಗಳನ್ನು ಅಂಗೀಕರಿಸಿ, 1960ರಲ್ಲಿ ಇವುಗಳಿಗಾಗಿಯೇ ಅಧಿನಿಯಮವೊಂದನ್ನು ರಚಿಸಿತು.