ಎಬಿಎಸ್ ಬ್ರೇಕ್: ಒತ್ತಿ ಹಿಡಿಯಿರಿ, ಬಿಡಬೇಡಿ

ಮಳೆಗಾಲದಲ್ಲಿ ತಾಳವಾಡಿ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನೋ, ವಯನಾಡಿನಿಂದ ತಾಮರಶ್ಶೇರಿ ಘಾಟಿಯ 9 ತಿರುವುಗಳನ್ನೋ ಇಳಿಯುವವರಿಗೆ ಬ್ರೇಕಿನ ಬೆಲೆ ಗೊತ್ತು. ಈಗಿನ ಕಾರು, ಬೈಕುಗಳಲ್ಲಿರುವ ಎಬಿಎಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.

ಏಕೆ ಬೇಕು?
ಗಾಬರಿಯಲ್ಲಿ ಬ್ರೇಕ್ ಅದುಮಿದರೆ ಚಕ್ರ ತಿರುಗುವುದು ನಿಂತರೂ ಗಾಡಿ ನಿಲ್ಲದೆ ಜಾರುತ್ತದೆ. ಮುಂದಿನ ಚಕ್ರ ಹೀಗೆ ಜಾರತೊಡಗಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಬೈಕಾದರೆ ಸವಾರ ಬೀಳುತ್ತಾನೆ.

ಹೇಗೆ ಕೆಲಸ ಮಾಡುತ್ತದೆ?
ಚಕ್ರದ ಬಳಿ ಇರುವ ಸೆನ್ಸರ್ ಅದರ ವೇಗವನ್ನು ಅಳೆಯುತ್ತಿರುತ್ತದೆ. ಯಾವುದಾದರೂ ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಹಾಗಾದರೆ ಕಂಟ್ರೋಲ್ ಯೂನಿಟ್ ವಾಲ್ವ್ ತೆರೆಸಿ ಆ ಚಕ್ರದ ಬ್ರೇಕ್ ಆಯಿಲ್ ಒತ್ತಡ ಇಳಿಸುತ್ತದೆ. ಚಕ್ರ ಮತ್ತೆ ತಿರುಗಿದೊಡನೆ ಒತ್ತಡ ಏರಿಸುತ್ತದೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಇಷ್ಟು ಬೇಗ ಯಾರ ಕಾಲಿಗೂ ಸಾಧ್ಯವಿಲ್ಲ.

ನಾವು ಮಾಡಬೇಕಾದದ್ದು
ಆಗ ಪೆಡಲ್ ಕಾಲಿಗೆ ನಡುಗಿದಂತಾಗಿ ಗರಗರ ಸದ್ದು ಬರುತ್ತದೆ. ಬ್ರೇಕ್ ಕೆಟ್ಟಿತೆಂದು ಹಲವರು ಕಾಲು ತೆಗೆದುಬಿಡುತ್ತಾರೆ. ಅದೇ ಅಪಾಯ. ಹಳೆಯ ಗಾಡಿಗಳಲ್ಲಿ ಕಲಿತ ಹಾಗೆ ಒತ್ತಿ-ಬಿಟ್ಟು ಮಾಡಬೇಡಿ. ಗಟ್ಟಿಯಾಗಿ ಒತ್ತಿ ಹಿಡಿದು, ಅಡ್ಡ ಬಂದದ್ದನ್ನು ತಪ್ಪಿಸುವ ಕಡೆಗೆ ಸ್ಟೀರಿಂಗ್ ತಿರುಗಿಸಿ.

ಮಿತಿಗಳು
ಜಲ್ಲಿ, ಮರಳು, ಸಡಿಲ ಮಣ್ಣಿನ ಮೇಲೆ ಎಬಿಎಸ್ ಇದ್ದರೂ ಗಾಡಿ ಇನ್ನಷ್ಟು ದೂರ ಹೋಗಿಯೇ ನಿಲ್ಲಬಹುದು. ಸವೆದ ಟೈರಿಗೆ ಇದು ಪರಿಹಾರವಲ್ಲ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದನ್ನು ಎಬಿಎಸ್ ತಡೆಯದು. ಕೆಳಗಿನ ಗೇರಿನಲ್ಲೇ ಇಳಿಯಿರಿ.

ಭಾರತದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಸಿಂಗಲ್ ಚಾನೆಲ್ ಬೈಕಿನಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನದು ಜಾರಬಹುದು. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ.

ಓಡುವಾಗ ಎಬಿಎಸ್ ದೀಪ ಆರದೆ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಘಾಟಿಗೆ ಹೊರಡುವ ಮುನ್ನವೇ ಮೆಕ್ಯಾನಿಕ್‌ಗೆ ತೋರಿಸಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ಓಡಿಸಬೇಡಿ.