ಮಲ್ಲಕಣದಲ್ಲಿ ಸ್ತ್ರೀಯರು
ಹೆಣ್ಣುಮಕ್ಕಳಿಗೆ ಮುಷ್ಟಿಯುದ್ಧವೇ ಎಂದು ಬೆರಗಾಗುವ ವಾಚಕರು ವಿಜಯನಗರದತ್ತ ಒಮ್ಮೆ ದೃಷ್ಟಿ ಹರಿಸಬೇಕು. ಅಂದಿನ ಮಲ್ಲಯುದ್ಧದಲ್ಲಿ ಗುದ್ದೂ ಸೇರಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯ ಮಲ್ಲರ ಹೊಡೆತಕ್ಕೆ ಹಲ್ಲು ಮುರಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಅಚ್ಯುತರಾಯನ ಕಾಲದ ನೂನಿಜನಾದರೋ ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಬರೆದಿದ್ದಾನೆ.

ಮುಂದೆ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಮೈಸೂರಿನ ದಸರೆಯಲ್ಲಿ ಉಳಿದುಬಂದಿತು. ಸ್ತ್ರೀಮಲ್ಲರು ಮಾತ್ರ ಮರೆಯಾದರು. ಅಮೆಚೂರ್ ಬಾಕ್ಸಿಂಗಿನಲ್ಲಿ ಮಹಿಳೆಯರ ಮೊದಲ ವಿಶ್ವ ಪಂದ್ಯಾವಳಿ ಅಮೆರಿಕದ ಸ್ಕ್ರಾಂಟನ್ ನಗರದಲ್ಲಿ ನಡೆದದ್ದು 2001ರಲ್ಲಿ. ಅಲ್ಲಿ ಬೆಳ್ಳಿ ಪಡೆದ ಮಣಿಪುರದ ಮೇರಿ ಕೋಮ್, 2018ರೊಳಗೆ ಆರು ಬಾರಿ ವಿಶ್ವವಿಜೇತೆಯಾದರು. ಒಲಿಂಪಿಕ್ಸಿನ ಬಾಗಿಲು ತೆರೆದದ್ದು 2012ರಲ್ಲಿ.

ನಿಮ್ಮ ಮನೆಯ ಹುಡುಗಿ ನಾಳೆ ಕೈಗವಸು ಕೇಳಿದರೆ ಹೊಸ ಹುಚ್ಚೆಂದು ಗದರಬೇಡಿ. ಈ ನೆಲಕ್ಕೆ ಅದು ಹೊಸದಲ್ಲ.