ಮಳೆಯ ನಕ್ಷತ್ರ, ಸಾಲದ ಗಡುವು

ಮಂಜು ಕವಿದ ಚಳಿಗಾಲವೇ ಮನುಷ್ಯನ ಮನಸ್ಸನ್ನು ಕುಗ್ಗಿಸಿ ಸಾವಿನತ್ತ ನೂಕುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಇತ್ತು. ಹತ್ತೊಂಬತ್ತನೆಯ ಶತಮಾನದ ಅಂಕಿಅಂಶಗಳು ಅದನ್ನು ಸುಳ್ಳಾಗಿಸಿದವು. ಅಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತಿದ್ದುದು ವಸಂತದ ಕೊನೆ ಮತ್ತು ಬೇಸಿಗೆಯ ಆರಂಭದಲ್ಲಿ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1879ರಲ್ಲಿ ಇದಕ್ಕೆ ಶಾಖವೇ ಕಾರಣವೆಂದ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಅದನ್ನು ಒಪ್ಪಲಿಲ್ಲ. ಋತು ನೇರವಾಗಿ ಮನುಷ್ಯನನ್ನು ಮುಟ್ಟುವುದಿಲ್ಲ, ಹಗಲು ದೀರ್ಘವಾದಂತೆ ಬಿರುಸಾಗುವ ಸಮಾಜ ಜೀವನದ ಮೂಲಕ ಮುಟ್ಟುತ್ತದೆ ಎಂಬುದು ಅವನ ವಾದ.

ಈ ಹಳೆಯ ವಾದವನ್ನು ಹಾವೇರಿ ಜಿಲ್ಲೆಯ ಹೊಲಗಳಿಗೆ ತಂದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಹಾನಗಲ್ಲು ಮಲೆನಾಡಿನ ಸೆರಗು, ಕೂರಿಗೆಯಲ್ಲಿ ಭತ್ತ ಬಿತ್ತುವ ಸೀಮೆ. ಪೂರ್ವಕ್ಕೆ ಸವಣೂರಿನತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಹತ್ತಿಯ ಜೊತೆಗೆ ಗೋವಿನಜೋಳ ಹೊಲಗಳನ್ನು ಆವರಿಸಿದೆ. ಮಣ್ಣು ಬೇರೆ, ಬೆಳೆ ಬೇರೆಯಾದರೂ ನಾಲ್ಕೂ ತಾಲ್ಲೂಕುಗಳ ಬಹುಪಾಲು ರೈತರು ನಂಬಿರುವುದು ಮಳೆಯನ್ನೇ.

ಇಲ್ಲಿನ ರೈತನ ಪಂಚಾಂಗ ಮಳೆ ನಕ್ಷತ್ರಗಳದು. ಜೂನ್ ಮೊದಲ ವಾರದ ಕೊನೆಗೆ ಮಿರಗ ಕೂಡುತ್ತದೆ, ಬಿತ್ತನೆಗೆ ಕೈಹಚ್ಚಬೇಕು. ಬೀಜ, ಗೊಬ್ಬರಕ್ಕೆ ಅದಕ್ಕೂ ಮುನ್ನವೇ ಸಾಲವಾಗಿರುತ್ತದೆ. ಹೂ, ತೆನೆ ಬಿಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಗೋವಿನಜೋಳದ ಕಾಳು ಕಟ್ಟುವುದಿಲ್ಲ. ಸಾಲದ ಗಡುವು ಮಾತ್ರ ತಪ್ಪದೆ ಬರುತ್ತದೆ. ಬ್ಯಾಂಕಿನ ನೋಟಿಸು, ಕೈಸಾಲ ಕೊಟ್ಟವರ ಮಾತು, ಮಗಳ ಮದುವೆ, ಆಸ್ಪತ್ರೆಯ ಖರ್ಚು ಎಲ್ಲವೂ ಒಂದೇ ಹಂಗಾಮಿನ ಮೇಲೆ ಬಂದು ಕೂರುತ್ತವೆ.

ಕರ್ನಾಟಕದಲ್ಲಿ ರೈತರ ಆತ್ಮಹತ್ಯೆ ದೊಡ್ಡ ಸುದ್ದಿಯಾದದ್ದು 1997-98ರಲ್ಲಿ, ಬೀದರಿನ ತೊಗರಿ ಬೆಳೆ ಹಾಳಾದಾಗ. 2001ರಿಂದ 2003ರವರೆಗೆ ರಾಜ್ಯ ಸತತ ಬರ ಕಂಡಿತು. ಈ ನಡುವೆ ಡಾ. ಜಿ.ಕೆ. ವೀರೇಶ್ ನೇತೃತ್ವದ ಸಮಿತಿ 2002ರಲ್ಲಿ ವರದಿ ನೀಡಿ, ಇಂಥ ಸಾವಿಗೆ ಒಂದೇ ಕಾರಣ ಹೇಳಲಾಗದು ಎಂದಿತು. ವರದಿ ಸರ್ಕಾರದ ಹೊಣೆಯನ್ನು ಹಗುರಗೊಳಿಸುತ್ತದೆ ಎಂಬ ಟೀಕೆಯೂ ಕೇಳಿಬಂತು. ಒಂದು ಸಾವಿನ ಹಿಂದೆ ಹಲವು ಎಳೆಗಳಿರುತ್ತವೆ, ನಿಜ. ಆದರೆ ಆ ಎಳೆಗಳೆಲ್ಲ ಒಮ್ಮೆಗೇ ಬಿಗಿಯುವುದು ಬೆಳೆ ಕೈತಪ್ಪಿದ ವರ್ಷದಲ್ಲಿ.

ಅಮೆರಿಕದ ಸಂಶೋಧಕಿ ತಮ್ಮಾ ಕಾರ್ಲ್‌ಟನ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ನೀಡುತ್ತದೆ. 1967ರಿಂದ 2013ರವರೆಗಿನ ಭಾರತದ ಅಂಕಿಅಂಶ ಪರಿಶೀಲಿಸಿದ ಆಕೆಯ ಪ್ರಕಾರ, ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಂದು ದಿನದಲ್ಲಿ ಮತ್ತೊಂದು ಡಿಗ್ರಿ ಏರಿದರೆ ದೇಶದಲ್ಲಿ ಸರಾಸರಿ 70ರಷ್ಟು ಆತ್ಮಹತ್ಯೆಗಳು ಹೆಚ್ಚುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಬೆಳೆ ಹೊಲದಲ್ಲಿರುವ ಮುಂಗಾರಿನ ತಿಂಗಳುಗಳಲ್ಲಿ ಮಾತ್ರ ಹೀಗಾಗುತ್ತದೆ. ಸುಡುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸಂಬಂಧ ಕಾಣದು. ಲೆಕ್ಕದ ವಿಧಾನವನ್ನು ಕೆಲವರು ಪ್ರಶ್ನಿಸಿದ್ದಾರೆ. ಆದರೂ ಅದು ತೋರಿಸುವ ದಿಕ್ಕು ಸ್ಪಷ್ಟ: ಬಿಸಿಲು ಮನುಷ್ಯನನ್ನು ತಾಗುವುದು ಬೆಳೆಯ ಮೂಲಕ.

ಬರವಷ್ಟೇ ಅಲ್ಲ, ಅತಿವೃಷ್ಟಿಯೂ ಇದೇ ಕೆಲಸ ಮಾಡುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ಬೆಳೆ ನೀರುಪಾಲಾಯಿತು. 2023ರ ಆಗಸ್ಟ್ ದೇಶದಲ್ಲಿ 1901ರ ನಂತರದ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಜುಲೈವರೆಗಿನ ಸುಮಾರು ಹದಿನೈದು ತಿಂಗಳಲ್ಲಿ 1,182 ರೈತರು ಆತ್ಮಹತ್ಯೆ ಮಾಡಿಕೊಂಡರೆಂದು ಕಂದಾಯ ಇಲಾಖೆ ಲೆಕ್ಕ ನೀಡಿತು. ಬೆಳಗಾವಿ, ಹಾವೇರಿ, ಧಾರವಾಡ ಜಿಲ್ಲೆಗಳು ಆ ಪಟ್ಟಿಯಲ್ಲಿ ಮುಂದಿದ್ದವು.

ಹವೆಯನ್ನು ಯಾರೂ ಬದಲಿಸಲಾರರು, ಗಡುವನ್ನು ಬದಲಿಸಬಹುದು. ಪರಿಹಾರ ಸಾವಿನ ನಂತರ ಮನೆಗೆ ಬರುತ್ತದೆ. ಮಳೆ ತಪ್ಪಿದ ಸುದ್ದಿ ಮಾತ್ರ ತಿಂಗಳುಗಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಸಾಲ ವಸೂಲಿ ನಿಲ್ಲಬೇಕಾದದ್ದು, ಬೆಳೆವಿಮೆಯ ಹಣ ತಲುಪಬೇಕಾದದ್ದು, ಆರೋಗ್ಯ ಕಾರ್ಯಕರ್ತೆ ಮನೆಬಾಗಿಲಿಗೆ ಹೋಗಬೇಕಾದದ್ದು ಆಗಲೇ. ಮನಸ್ಸು ಕುಸಿದವರು ಮಾತನಾಡಲೆಂದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ದೊರೆಯುತ್ತದೆ. ಆ ಸಂಖ್ಯೆಯೂ ಮಿರಗದ ದಿನದಂತೆ ಊರಿಗೆಲ್ಲ ಬಾಯಿಪಾಠವಾಗಬೇಕು.